ಟೋಪಿಯ ಸುತ್ತಿನ ಬಿಳಿ ಪಟ್ಟಿ

ತುಂಪಾತ್
ಗುರುವಾರ, ೧೧ ಏಪ್ರಿಲ್ ೧೯೪೬

ಕೋತಾ ಬಾರುವಿನಲ್ಲಿರುವ ನನ್ನ ಅಬಾಂಗ್, ಸಾಲೇ ಮೇಷ್ಟ್ರಿಗೆ,

ನಿಮ್ಮ ಹೆಂಡತಿ ಕೆಲ್ಸೋಮ್ ಮಾಡುವ ಸಲಾಮುಗಳು. ಎರಡು ವರ್ಷದಿಂದ ನಮ್ಮಿಬ್ಬರ ಒಲೆ ಬೇರೆ ಬೇರೆ ಊರಿನಲ್ಲಿ ಉರಿಯುತ್ತಿದೆ. ಅಷ್ಟು ಮಾತ್ರಕ್ಕೆ ಗಂಡನನ್ನು ಅಬಾಂಗ್ ಎಂದು ಕರೆದು ರೂಢಿಯಾದ ನಾಲಗೆ ಬೇರೆ ಹೆಸರು ಕಲಿಯುವುದಿಲ್ಲ. ಈ ಪತ್ರವನ್ನು ಮನಸ್ಸಿನಲ್ಲೇ ಓದಿಕೊಳ್ಳಬೇಡಿ. ನನ್ನ ದನಿ ನಿಮಗೆ ಗೊತ್ತು. ನಾಟಕದ ಹಾರ್ಮೋನಿಯಂ ಕೈಕೊಟ್ಟ ದಿನ, ತಗಡಿನ ಮೇಲೆ ಮಳೆ ಕುಟ್ಟುತ್ತಿದ್ದ ದಿನ, ಕೊನೆಯ ಬೆಂಚಿನಲ್ಲಿ ತೂಕಡಿಸುವ ಬೆಸ್ತನನ್ನೂ ಎಬ್ಬಿಸಿ ಕೂರಿಸಿದ ದನಿ. ಆ ದನಿಯಲ್ಲಿ ಓದಿಕೊಳ್ಳಿ.

ಶನಿವಾರ ನಿಮ್ಮ ಸಭೆ. ಜಿಲ್ಲೆಯ ಮಲಯರ ಸಂಘಕ್ಕೆ ನಾಯಕನನ್ನು ಆರಿಸುವ ಸಭೆ. ಆ ಸಭೆಗೆ ಅಮ್ಮ ಬರುತ್ತಾರೆ. ನಿಮ್ಮನ್ನು ಹೆತ್ತ ನಾಸಿಯಾ ಅಮ್ಮ. ಬಂದು, ಅಷ್ಟೂ ಜನರ ಮುಂದೆ, ಕುರಾನಿನ ಮೇಲೆ ಕೈಯಿಟ್ಟು, ನೀವು ಅವರ ಮಗನಲ್ಲ ಎಂದು ಆಣೆ ಮಾಡುತ್ತಾರೆ.

ನಿಂತಿದ್ದರೆ ಕೂತುಕೊಳ್ಳಿ. ಮುಂದಿನದನ್ನು ಕೂತು ಓದಬೇಕು.

ಕಳೆದ ವಾರ, ಸೂತಕದ ಏಳು ದಿನ ಶುರುವಾದ ಬೆಳಿಗ್ಗೆ, ಅಮ್ಮ ಕಿಟಕಿಯಲ್ಲಿ ಕೂತು ಎಲೆ ಅಡಿಕೆ ಕುಟ್ಟುತ್ತಿದ್ದರು. ಬೀದಿಯಲ್ಲಿ ಹೋಗುವ ಗಂಡಸರೆಲ್ಲ ಕಪ್ಪು ಟೋಪಿಗೆ ಬಿಳಿ ಪಟ್ಟಿ ಸುತ್ತಿಕೊಂಡಿದ್ದರು. ಅಮ್ಮ ಕುಟ್ಟುವುದನ್ನು ನಿಲ್ಲಿಸಿ ಕೇಳಿದರು: "ಯಾರೇ ಸತ್ತಿದ್ದು, ಮಗಳೇ? ಊರಿಗೆ ಊರೇ ಬಿಳಿ ಸುತ್ಕೊಂಡು ಹೊರಟಿದೆ?"

"ಯಾರೂ ಸತ್ತಿಲ್ಲ ಅಮ್ಮಾ. ಬಿಳಿಯರು ನಮ್ಮ ಸುಲ್ತಾನರ ಅಧಿಕಾರ ಕಿತ್ಕೊಂಡು, ಎಲ್ಲಾ ಸೀಮೆನೂ ಒಂದೇ ಮೂಟೆ ಕಟ್ಟಿದಾರೆ. ಅದಕ್ಕೆ ನಾಡಿಗೇ ಸೂತಕ ಅಂತ ಮೇಷ್ಟ್ರು ಹೇಳಿದಾರೆ."

"ನಾಡಿಗಾ?" ಎಂದರು ಅಮ್ಮ. "ಹಂಗಾದ್ರೆ ಏಳು ದಿನ ಸಾಲದು ಕಣೇ. ನಮ್ಮ ಚಾಮ್ ಜನರ ನಾಡು ಹೋಗಿ, ಕೆಂಬೋಜಕ್ಕೆ ಓಡಿಬಂದು ಎಷ್ಟು ತಲೆಮಾರಾಯ್ತು! ನಾವಿನ್ನೂ ಸೂತಕ ಕಳೀತಾನೇ ಇದೀವಿ." ಹೇಳಿ ನಕ್ಕರು. ಬಾಯಲ್ಲಿ ಇರುವ ಮೂರೂ ಹಲ್ಲು ಕೆಂಪಗೆ ಕಂಡವು.

ಶುಕ್ರವಾರ ನೀವು ನಮ್ಮ ತುಂಪಾತಿನ ಮೈದಾನಕ್ಕೇ ಬಂದಿರಿ. ಮನೆಗೆ ಬರಲಿಲ್ಲ, ಇರಲಿ. ಅಮ್ಮ ನನ್ನ ಹಸಿರು ಶಾಲು ಹೊದ್ದು, ಹೆಂಗಸರ ಸಾಲಿನಲ್ಲಿ ಎಲ್ಲರನ್ನೂ ಮೊಣಕೈಯಲ್ಲಿ ತಳ್ಳಿ ಮುಂದೆ ಹೋಗಿ ಕೂತರು. ನೀವು ವೇದಿಕೆ ಹತ್ತಿದಿರಿ. ಅಬ್ಬಾ, ಅಬಾಂಗ್! ಹನ್ನೆರಡು ವರ್ಷ ಬೆಳ್ಳಿಚಂದ್ರ ನಾಟಕ ಕಂಪನಿಯ ಸೈಡ್‌ವಿಂಗಿನಲ್ಲಿ ಮೊಣಕಾಲೂರಿ ಕೂತು, ರಾಜಾಪಾರ್ಟಿನವನು ಮಾತು ಮರೆತಾಗ ಪಿಸುದನಿಯಲ್ಲಿ ಸಾಲು ಕೊಡುತ್ತಿದ್ದ ಪ್ರಾಂಪ್ಟರ್ ಇವರೇನಾ? ಹೊಟ್ಟೆಯಿಂದ ಉಸಿರೆಳೆದು ಕೊನೆಯ ಬೆಂಚಿಗೆ ಎಸೆಯಿರಿ ಎಂದು ನಿಮಗೆ ಕಲಿಸಿದವಳು ನಾನು. ಆದರೆ ಆ ದಿನ ಕಲಿಸಿದವಳ ಮೈಯೇ ಜುಮ್ಮೆಂದಿತು. ಕೈ ಎತ್ತಿದರೆ ಜನ ಸುಮ್ಮನಾಗುತ್ತಿದ್ದರು, ಇಳಿಸಿದರೆ ಗುಡುಗುತ್ತಿದ್ದರು. ನಾನೂ ಗುಡುಗಿದೆ. ಸುಲ್ತಾನರನ್ನು ಬೆದರಿಸಿ ಮುದ್ರೆ ಒತ್ತಿಸಿಕೊಂಡ ಕಾಗದ ಕಾಗದವೇ ಅಲ್ಲ ಎಂದಿರಿ. ನಿಜ. ನಿಮ್ಮ ಹೋರಾಟ ಸುಳ್ಳೆಂದು ನಾನು ಇವತ್ತೂ ಹೇಳುವುದಿಲ್ಲ.

ಆಮೇಲೆ ನೀವು ಕೇಳಿದಿರಿ: "ಈ ನೆಲ ಯಾರದು? ಯಾರ ತಾಯಿಯ ಹೆರಿಗೆಯ ನೆತ್ತರು ಈ ಮಣ್ಣಿಗೆ ಬಿತ್ತೋ ಅವರದು! ನಿನ್ನೆ ಮೊನ್ನೆ ದೋಣಿಯಿಂದ ಇಳಿದವರದಲ್ಲ!"

ಮೈದಾನವೇ ಎದ್ದು ಕುಣಿಯಿತು. ಅಮ್ಮನೂ ಚಪ್ಪಾಳೆ ತಟ್ಟುತ್ತಿದ್ದರು. ಆ ಎರಡು ಕೈ ಗಾಳಿಯಲ್ಲಿ ಹಾಗೇ ನಿಂತವು. ನನ್ನ ಕಡೆ ಬಾಗಿ, ಯಾರಿಗೂ ಕೇಳದ ಹಾಗೆ ಹೇಳಿದರು: "ಇವನ ನೆತ್ತರು ಬಿದ್ದಿದ್ದು ದೋಣಿ ಹಲಗೆ ಮೇಲೆ. ಮೂರನೇ ದಿನ. ನೆಲ ಕಣ್ಣಿಗೂ ಬಿದ್ದಿರಲಿಲ್ಲ. ನಾನೇ ಸಮುದ್ರದ ನೀರು ಹಾಕಿ ತೊಳೆದೆ."

ಅಷ್ಟು ಹೇಳಿ ಮತ್ತೆ ಚಪ್ಪಾಳೆ ಮುಂದುವರಿಸಿದರು. ಮಗ ಚೆನ್ನಾಗಿ ಮಾತಾಡುತ್ತಿದ್ದ, ಅದಕ್ಕೆ.

ಅಬಾಂಗ್, ನೀವು ಯಾಕೆ ಮುಚ್ಚಿಡುತ್ತೀರಿ ಎಂಬುದು ನನಗೆ ಗೊತ್ತಿಲ್ಲವೆಂದುಕೊಳ್ಳಬೇಡಿ. ಧರ್ಮ ಕಲಿಯಲು ಮೊದಲೇ ಇಲ್ಲಿಗೆ ಬಂದಿದ್ದ ಗಂಡನನ್ನು ಹುಡುಕಿಕೊಂಡು ಸಮುದ್ರದಾಚೆಯ ಕೆಂಬೋಜದಿಂದ ಹೊರಟ ಬಸುರಿ. ದಡ ಸೇರಿದಾಗ ಗಂಡ ಜ್ವರದಲ್ಲಿ ತೀರಿಕೊಂಡು ನಲವತ್ತು ದಿನ. ಆಮೇಲೆ ಆ ಹೆಂಗಸಿನ ಮಗ ದೂರದ ಊರಿನ ಶಾಲೆಗೆ ಹೋದರೆ, "ಏ ಕೆಂಬೋಜ, ನಿನ್ನ ದೋಣಿ ಎಲ್ಲಿ ಕಟ್ಟಿದೀಯೋ?" ಎಂದು ತಲೆಗೆ ಮೊಟಕುವ ಸಹಪಾಠಿಗಳು. ಮದುವೆಯಾದ ಹೊಸದರಲ್ಲಿ ಇದನ್ನೆಲ್ಲ ನಗುತ್ತ ಹೇಳಿದ್ದಿರಿ. ನಗುವಾಗ ನಿಮ್ಮ ಕೈ ತಲೆಯ ಹಿಂದಕ್ಕೆ ಹೋಗಿತ್ತು. ಇವತ್ತು ಇಲ್ಲಿ ಅಂಥದೇ ಹುಡುಗರು ಗಡ್ಡ ಬಿಟ್ಟು, ಆ ಕಥೆಯೇನೂ ಗೊತ್ತಿಲ್ಲದೆ, ನಿಮ್ಮನ್ನು ಭುಜದ ಮೇಲೆ ಹೊತ್ತು ಮೆರೆಸುತ್ತಿದ್ದಾರೆ. ಇಳಿಯುವುದು ಕಷ್ಟ. ಆಟದವಳಾದ ಹೆಂಡತಿ, ಮಲಯ ಮಾತನ್ನು ಚಾಮ್ ಜನರ ರಾಗದಲ್ಲಿ ಎಳೆಯುವ ತಾಯಿ, ಇಬ್ಬರನ್ನೂ ತುಂಪಾತಿನಲ್ಲಿ ಬಿಟ್ಟು, ಅಮ್ಮ ಯಾರೆಂದು ಇಲ್ಲಿ ಯಾರಿಗೂ ಹೇಳದೆ, "ಸ್ವಲ್ಪ ದಿನ, ಆಮೇಲೆ ಕರೆಸ್ಕೊಳ್ತೀನಿ" ಎಂದು ಹೋದಿರಿ. ಬಂದಾಗಲೆಲ್ಲ ಹಿತ್ತಿಲ ಬಾಗಿಲಿನಿಂದ ಬಂದಿರಿ. ನಾನು ಒಳಗೆ ಬಿಟ್ಟುಕೊಂಡೆ. ಆ ತಪ್ಪಿನಲ್ಲಿ ನನ್ನ ಪಾಲೂ ಇದೆ.

ಈಗ ಸೋಮವಾರದ ಅಂಕ.

ಬೆಳಿಗ್ಗೆ ಶಂಖಪುಷ್ಪ ಹಾಕಿ ಬೇಯಿಸಿದ ನೀಲಿ ಅನ್ನದ ಪೊಟ್ಟಣಗಳನ್ನೆಲ್ಲ ಮಾರಿ, ಪಾತ್ರೆ ತೊಳೆದಿಡುತ್ತಿದ್ದೆ. ಮೆಟ್ಟಿಲ ಬುಡದಲ್ಲಿ ಕೆಮ್ಮು ಕೇಳಿಸಿತು. ನೋಡಿದರೆ ಹಾಜಿ ಅವಾಂಗ್! ಶನಿವಾರ ನಿಮ್ಮ ಎದುರು ನಿಲ್ಲುವ ಅದೇ ಹಾಜಿ ಅವಾಂಗ್, ಹಂಡೆಯ ನೀರಿನಲ್ಲಿ ಕಾಲು ತೊಳೆದುಕೊಂಡು, ಕಂಕುಳಲ್ಲಿ ಬಿಸ್ಕತ್ತಿನ ಡಬ್ಬ, ಕೈಯಲ್ಲಿ ಸಕ್ಕರೆ ಪೊಟ್ಟಣ. ಅವರಿಗೆ ನಿಮ್ಮ ಹುಟ್ಟಿನ ವಿಷಯ ಯಾರು ಊದಿದರೋ. ಮೀನುಪೇಟೆಗೆ ನೂರು ಬಾಯಿ. ನಾನು ಸೌಟು ಹಿಡಿದು ಅಡಿಗೆಮನೆಯ ಗೋಡೆಯ ಹಿಂದೆ ನಿಂತೆ. ಬಿದಿರ ತಟ್ಟಿ, ಎಲ್ಲ ಕಾಣುತ್ತದೆ, ಎಲ್ಲ ಕೇಳುತ್ತದೆ.

"ಏನಜ್ಜಿ, ಆರಾಮಾ?"

"ಹಲ್ಲಿಲ್ಲದೋಳಿಗೆ ಏನು ಆರಾಮ ಹಾಜಿ. ಸಕ್ಕರೆ ತಂದ್ರಾ? ಇಡಿ, ಇಡಿ. ವಿಷ ಬೆರೆಸಿದ್ರೆ ಅದನ್ನೂ ಹೇಳಿ ಇಡಿ, ಚಾಕ್ಕೆ ಎಷ್ಟು ಹಾಕ್ಬೇಕು ಅಂತ ಗೊತ್ತಾಗ್ಲಿ."

ಹಾಜಿ ನಕ್ಕರು. ಕೆಟ್ಟ ಮನುಷ್ಯರಲ್ಲ ಅವರು. ಯುದ್ಧದ ಕಾಲದಲ್ಲಿ ತಮ್ಮ ಕಣಜ ತೆಗೆದು ಊರಿಗೆ ಅಕ್ಕಿ ಹಂಚಿದವರು. ನಾಯಕತ್ವ ತಮಗೇ ಬರಬೇಕೆಂದು ಅವರಿಗೆ ಅನಿಸಿದರೆ ಆಶ್ಚರ್ಯವಿಲ್ಲ. ಆದರೆ ನಗು ಮುಗಿದ ಮೇಲೆ ಬಾಣ ಬಿಟ್ಟರು.

"ಸಾಲೇ ಮೇಷ್ಟ್ರು ನಿಮ್ಮ ಮಗ ಅಂತೆ? ಕೆಂಬೋಜದಿಂದ ಬರೋ ದೋಣಿಯಲ್ಲಿ ಹೆತ್ತಿರಂತೆ?"

ನಾನು ತಟ್ಟಿಗೆ ಕಣ್ಣೊತ್ತಿದೆ. ಅಮ್ಮ? ಅಮ್ಮ ಒರಳಿಗೆ ಇನ್ನೊಂದು ಅಡಿಕೆ ಹಾಕಿದರು. ಟಕ್, ಟಕ್, ಟಕ್. ಆಮೇಲೆ ತಲೆಯೆತ್ತಿ ಬಿದ್ದು ಬಿದ್ದು ನಕ್ಕರು.

"ನಂಗೆ? ಅಷ್ಟೆತ್ತರದ ಮಗ? ನನ್ನ ನೋಡಿ ಹಾಜಿ, ಒಣಮೀನಿನ ಹಂಗಿದೀನಿ. ಅವನ ತಾಯಿ ಇದೇ ತುಂಪಾತಿನೋಳು, ಹೆರಿಗೆಯಲ್ಲೇ ತೀರಿಹೋದ್ಲು ಪಾಪ. ನಾನು ಕೂಲಿಗೆ ತೊಟ್ಟಿಲು ತೂಗಿದೋಳು. ಕೆಂಬೋಜದೋಳು ನಾನು. ಅವನಲ್ಲ."

"ಹೌದಾ? ಶನಿವಾರ ಸಭೆಯಲ್ಲಿ ಕುರಾನಿನ ಮೇಲೆ ಕೈಯಿಟ್ಟು ಹೇಳ್ತೀರಾ ಅಜ್ಜಿ?"

"ಒಂದು ಕೈ ಯಾಕೆ, ಎರಡೂ ಕೈ ಇಡ್ತೀನಿ. ಗಾಡಿ ಕಳಿಸಿ ಆಯ್ತಾ? ನಡೆಯೋಕಾಗಲ್ಲ."

ಅಬಾಂಗ್, ಮೂವತ್ತು ವರ್ಷ ಬಣ್ಣ ಹಚ್ಚಿದವಳು ನಾನು. ರಾಜ್ಯ ಕಳೆದುಕೊಂಡ ರಾಣಿಯಾಗಿ ಅತ್ತಿದ್ದೇನೆ, ಮಗನನ್ನು ಕಳೆದುಕೊಂಡ ತಾಯಿಯಾಗಿ ಎದೆ ಬಡಿದುಕೊಂಡಿದ್ದೇನೆ, ಪರದೆ ಬಿದ್ದ ಮೇಲೆ ಹೋಗಿ ಅನ್ನ ಮೀನು ಉಂಡಿದ್ದೇನೆ. ಆದರೆ ಇಂಥ ನಟನೆಯನ್ನು ಎಂದೂ ನೋಡಿಲ್ಲ. ಬಣ್ಣವಿಲ್ಲ, ದೀಪವಿಲ್ಲ, ಸಾಲು ಹೇಳಿಕೊಡುವವರಿಲ್ಲ. ಹಾಜಿ ಹೋದ ಮೇಲೆ ಪರದೆಯೂ ಬೀಳಲಿಲ್ಲ. ಅಮ್ಮ ಹಾಗೇ ಕೂತು ಅಡಿಕೆ ಕುಟ್ಟುತ್ತಲೇ ಇದ್ದರು. ಅದು ಹಿಟ್ಟಾಗಿ ಎಷ್ಟೋ ಹೊತ್ತಾಗಿತ್ತು.

ನಾನು ಕೂಗಾಡಿದೆ. "ಅಮ್ಮಾ, ಸುಳ್ಳು ಆಣೆ! ಐದು ಹೊತ್ತು ತಪ್ಪದೆ ಹಣೆ ನೆಲಕ್ಕೆ ಮುಟ್ಟಿಸೋರು ನೀವು! ಮೇಲೆ ಹೋಗಿ ಏನಂತ ಉತ್ತರ ಕೊಡ್ತೀರಿ?"

"ಅಲ್ಲಾ ಕೇಳಿದ್ರೆ ನಮ್ಮ ಭಾಷೆಯಲ್ಲಿ ಹೇಳ್ತೀನಿ," ಎಂದರು. "ಹಾಜಿಗೆ ಅರ್ಥ ಆಗಲ್ಲ. ಅಲ್ಲಾಗೆ ಆಗತ್ತೆ."

"ಮಗನನ್ನೇ ಇಲ್ಲ ಅಂತೀರಾ?"

"ಅವತ್ತು ದೋಣಿಯಲ್ಲಿ ಎತ್ಕೊಂಡು ಬಂದೆ, ಕಣೇ, ಇವನಿಗೊಂದು ನೆಲ ಸಿಗ್ಲಿ ಅಂತ. ನನಗಲ್ಲ. ಈಗ ಸಿಗೋ ಹೊತ್ತಿಗೆ ನಾನೇ ಅಡ್ಡ ಮಲಗ್ಲಾ? ನನ್ನ ನಾಡು ಹೋಯ್ತು. ಅವನಿಗಾದ್ರೂ ಒಂದಿರ್ಲಿ."

ಅಂದಿನಿಂದ ಅಮ್ಮ ಅಭ್ಯಾಸ ಮಾಡುತ್ತಿದ್ದಾರೆ. ಹೌದು, ಅಭ್ಯಾಸ! ನಿನ್ನೆ ಮೆಟ್ಟಿಲ ಮೇಲೆ ಕೂತು, ಕೋಳಿಗೆ ನುಚ್ಚು ಹಾಕುತ್ತ ಹೇಳಿಕೊಳ್ಳುತ್ತಿದ್ದರು: "ಅವನು ನನ್ನ ಮಗ ಅಲ್ಲ. ಅವನು ನನ್ನ ಮಗ ಅಲ್ಲ." ನನ್ನ ಹತ್ತಿರ ಬಂದು ಕೇಳಿದರು: "‘ಅಲ್ಲ’ ಅನ್ನೋವಾಗ ನನ್ನ ರಾಗ ಎಳೆಯತ್ತಾ? ನೀನು ಆಟದೋಳು, ತಿದ್ದು." ನಾನು ತಿದ್ದಲಿಲ್ಲ.

ಹೀಗಿದೆ ಕಥೆ. ಶನಿವಾರ ನೀವು ವೇದಿಕೆಯ ಮೇಲೆ ಕುರ್ಚಿಯಲ್ಲಿ ಕೂತಿರುತ್ತೀರಿ. ಹಾಜಿಯ ಗಾಡಿ ಬರುತ್ತದೆ. ಇಬ್ಬರು ತೋಳು ಹಿಡಿದು ಅಮ್ಮನನ್ನು ಹತ್ತಿಸುತ್ತಾರೆ. ಅವರು ನಿಮ್ಮ ಮುಖ ನೋಡುವುದಿಲ್ಲ, ನೋಡಿದರೆ ಸಾಲು ಮರೆತುಹೋಗುತ್ತದೆ ಎಂದು ಆಗಲೇ ಹೇಳಿದ್ದಾರೆ. ಕುರಾನಿನ ಮೇಲೆ ಕೈಯಿಡುತ್ತಾರೆ. ಆ ಕೈ ಇಳಿಯುವ ಮೊದಲು ನೀವು ಏಳಬೇಕು. ಎದ್ದು, ಅವರ ಭಾಷೆಯಲ್ಲಿ, ಅಮ್ಮಾ ಎನ್ನಬೇಕು. ಆ ಒಂದು ಶಬ್ದ ನೀವು ಮರೆತಿಲ್ಲ. ನಿದ್ದೆಯಲ್ಲಿ ನೀವು ಅದನ್ನು ಕನವರಿಸುವುದನ್ನು ನಾನು ಕೇಳಿದ್ದೇನೆ.

ಜನ ಏನು ಮಾಡುತ್ತಾರೋ ನನಗೆ ಗೊತ್ತಿಲ್ಲ. ಭುಜದಿಂದ ಇಳಿಸಿಯೂ ಬಿಡಬಹುದು. ಅಥವಾ ಈ ನಾಡಿಗಾಗಿ ನಿಮ್ಮಷ್ಟು ಗಂಟಲು ಹರಿದುಕೊಂಡವರು ಇನ್ನಾರಿದ್ದಾರೆ ಎಂದು ಅವರಲ್ಲಿ ಒಬ್ಬನಾದರೂ ಕೇಳಬಹುದು. ಅದನ್ನು ನಾನು ಬರೆದುಕೊಡಲಾರೆ. ಎಷ್ಟೋ ಜನರಿಗೆ ಮಾತು ಹೇಳಿಕೊಟ್ಟವರು ನೀವು. ಶನಿವಾರ ಸೈಡ್‌ವಿಂಗಿನಲ್ಲಿ ಯಾರೂ ಇರುವುದಿಲ್ಲ, ಅಬಾಂಗ್. ನಿಮ್ಮ ಸಾಲು ನೀವೇ ಹೇಳಬೇಕು.

ಸಭೆಗೆ ಮೊದಲೇ ಮನೆಗೆ ಬಂದು ಅಮ್ಮನನ್ನು ನೀವೇ ಕರೆದೊಯ್ಯುವುದಾದರೆ ಇನ್ನೂ ಒಳ್ಳೆಯದು. ಮುಂಬಾಗಿಲು ತೆರೆದಿಟ್ಟಿರುತ್ತೇನೆ. ಹಿತ್ತಿಲ ಬಾಗಿಲಿಗೆ ಇವತ್ತೇ ಅಗುಳಿ ಜಡಿಸಿದೆ.

ಇನ್ನೂ ನಿಮ್ಮವಳಾದ,
ಕೆಲ್ಸೋಮ್

ಮರೆತ ಮಾತು: ಮರೆತದ್ದಲ್ಲ, ಬರೆಯುವ ಧೈರ್ಯವಿರಲಿಲ್ಲ. ಮೀನುಪೇಟೆಯ ನೂರು ಬಾಯಲ್ಲಿ ಆ ಮಾತಾಡಿದ ಬಾಯಿ ನನ್ನದೇ. ನಿಮ್ಮ ಭಾಷಣದ ಮರುದಿನ ಹಾಜಿಯ ಹೆಂಡತಿ ವಾನ್ ಸೆಪಿಯಾ ಬಂಗಡೆ ಆರಿಸುತ್ತ, "ನಿನ್ನ ಗಂಡ ಸಿಂಹ ಕಣೇ, ಬೆರಕೆ ಇಲ್ಲದ ರಕ್ತ, ಮಾತಲ್ಲೇ ಗೊತ್ತಾಗತ್ತೆ," ಎಂದಳು. ಗಾಳಿಯಲ್ಲಿ ನಿಂತ ಆ ಎರಡು ಕೈ ನನ್ನ ಕಣ್ಣೆದುರಿಗಿದ್ದವು. "ಆ ಸಿಂಹನ್ನ ಹೆತ್ತಿದ್ದು ಕೆಂಬೋಜದ ದೋಣಿಯಲ್ಲಿ," ಎಂದುಬಿಟ್ಟೆ. ಅಮ್ಮನಿಗೆ ಇದು ಗೊತ್ತಿಲ್ಲ. ಆದ್ದರಿಂದ ಕೇಳಿ: ಶನಿವಾರ ನಿಮಗೆ ಏಳಲಾಗದಿದ್ದರೆ ನಾನು ಏಳುತ್ತೇನೆ. ಬಿಟ್ಟುಹೋದ ಗಂಡನ ಮೇಲಿನ ಹೊಟ್ಟೆಕಿಚ್ಚಿಗೆ ನಾನೇ ಕಟ್ಟಿದ ಸುಳ್ಳು ಅದು ಎಂದು ಕೂಗುತ್ತೇನೆ. ಆಮೇಲೆ ಯಾರೂ ಅಮ್ಮನಿಂದ ಆಣೆ ಕೇಳುವುದಿಲ್ಲ. ಕೆಟ್ಟ ಹೆಂಡತಿಯ ಪಾರ್ಟು ನನಗೆ ಹೊಸದಲ್ಲ. ಸುಳ್ಳೇ ಬೇಕಾದರೆ ನನ್ನ ಬಾಯಿಂದ ಬರಲಿ, ಅವರ ಬಾಯಿಂದ ಬೇಡ.

ಏಳಿ, ಏಳದಿರಿ, ನಿಮ್ಮ ಟೋಪಿಯ ಬಿಳಿ ಪಟ್ಟಿಯನ್ನು ಮಾತ್ರ ಬಿಚ್ಚಿ ತನ್ನಿ. ಬಜಾರಿನಲ್ಲಿ ಸಿಕ್ಕಿತೆಂದು ಬರೆದು ಕಳಿಸಿದ್ದೆನಲ್ಲ, ಅದು. ಯುದ್ಧ ಮುಗಿದು ಬಟ್ಟೆಯ ಮುಖವೇ ಕಾಣದ ಈ ದಿನಗಳಲ್ಲಿ ಯಾವ ಬಜಾರಿನಲ್ಲಿ ಬಿಳಿ ಬಟ್ಟೆ ಸಿಗುತ್ತದೆ? ಅಮ್ಮ ತಾವು ಸತ್ತಾಗ ಹೊದಿಸುವ ಕಫನಿಗೆಂದು ಪೆಟ್ಟಿಗೆಯ ತಳದಲ್ಲಿ ಎತ್ತಿಟ್ಟಿದ್ದ ಬಟ್ಟೆಯಿಂದ ಎರಡು ಬೆರಳಗಲ ಹರಿದು ಕೊಟ್ಟದ್ದು. "ಎಲ್ಲರ ತಲೆಯ ಮೇಲೂ ಇರತ್ತೆ, ನನ್ನ ಮಗನ ತಲೆ ಬರಿದಾಗಿರೋದು ಬೇಡ" ಎಂದರು. ಉಳಿದ ಬಟ್ಟೆಯನ್ನು ನಿನ್ನೆ ಅವರ ಮೈಗೆ ಹಿಡಿದು ನೋಡಿದೆ. ಸರಿಯಾಗಿ ಆ ಎರಡು ಬೆರಳಗಲವೇ ಕಡಿಮೆ ಬೀಳುತ್ತದೆ.