ಅಳಿಯನ ಸೈಕಲ್ಲಿನ ನಂಬರ್ ಪ್ಲೇಟು

ಹಾರ್ಲೆಮ್, ಶನಿವಾರ

ತಂಗಿ ಶಿವಲೀಲಾ,

ನಿನ್ನ ಅಣ್ಣ ಮಗಳ ಮನೆಯಲ್ಲಿ ಸುಖವಾಗಿದ್ದಾನೆ, ಜೈಲಿನಲ್ಲಿಲ್ಲ.

ಮೊನ್ನೆ ಬೆಳಿಗ್ಗೆ ಅಳಿಯ ಶರಣ್‌ನ ಸೈಕಲ್ಲಿನ ಹಿಂದೆ ನಂಬರ್ ಪ್ಲೇಟು ಕಂಡಿತು. ಈ ಡಚ್ಚರ ದೇಶದಲ್ಲಿ ಸೈಕಲ್ಲಿಗೆ ನಂಬರೇ ಕೊಡುವುದಿಲ್ಲ. ಇದರಲ್ಲಿ ನಂಬರಿನ ಪಕ್ಕ ಗಾಳಿಗಿರಣಿಯ ಚಿತ್ರ ಬೇರೆ. ಆರ್‌ಟಿಒ ಆಫೀಸಿನಲ್ಲಿ ಮೂವತ್ತು ವರ್ಷ ಇಂಥ ನಕಲಿ ಪ್ಲೇಟು ಕೀಳಿಸಿದವನು ನಾನು. ಕೇಸಾದರೆ ಹುಡುಗನಿಗೆ ಇಲ್ಲಿರಲು ಕೊಟ್ಟ ಪರ್ಮಿಟ್ಟಿನ ಗತಿ ಏನೆಂದು ಹೆದರಿ, ಅವನು ಸ್ನಾನಕ್ಕೆ ಹೋದಾಗ ಸ್ಕ್ರೂ ಬಿಚ್ಚಲು ಕುಳಿತೆ. ಬಿಚ್ಚಿ ಮುಗಿಯುವುದಕ್ಕೂ ಪೊಲೀಸಿನವಳೊಬ್ಬಳು ಬಂದು ಎದುರು ನಿಲ್ಲುವುದಕ್ಕೂ ಸರಿಹೋಯಿತು. ನನ್ನನ್ನು ಸೈಕಲ್ ಕಳ್ಳನೆಂದುಕೊಂಡಿದ್ದಳು. ನಾನೋ, ಅವಳು ಬಾಯಿ ತೆರೆಯುವ ಮೊದಲೇ ಪ್ಲೇಟನ್ನು ಅವಳ ಕೈಗಿಟ್ಟು, “ತಪ್ಪಾತ್ರಿ ಮೇಡಂ, ಹುಡುಗಗ ಗೊತ್ತಿದ್ದಿಲ್ಲ,” ಎಂದುಬಿಟ್ಟೆ.

ಶರಣ್ ಒದ್ದೆ ತಲೆಯಲ್ಲೇ ಓಡಿ ಬಂದ. “ಮಾವಾರ, ಹಳೇ ಗಾಳಿಗಿರಣಿ ರಿಪೇರಿಗೆ ರೊಕ್ಕಾ ಕೂಡಸಾಕ ಊರಾಗ ಮಾರೋ ಪ್ಲೇಟ್ರಿ ಇದು. ಬರೇ ಶೋಕಿಗೆ. ಯಾರೂ ಹಿಡಿಯೂದಿಲ್ಲ.” ಪೊಲೀಸಿನವಳಿಗೂ ಅದನ್ನೇ ಅವಳ ಭಾಷೆಯಲ್ಲಿ ಹೇಳಿದ. ಅವಳು ನಕ್ಕು ಪ್ಲೇಟನ್ನು ಸೈಕಲ್ಲಿಗೆ ಒತ್ತಿ ಹಿಡಿದಳು, ನಾನು ಮತ್ತೆ ಸ್ಕ್ರೂ ತಿರುಗಿಸಿದೆ. ಹೋದ ಜೀವ ಬಂದಂತಾಯಿತು.

ಬಿಪಿ ಗುಳಿಗೆ ಈ ತಿಂಗಳ ಕೊನೆಯವರೆಗೆ ಸಾಕಾಗುತ್ತವೆ. ಮೊಣಕಾಲು ನೋವು ಕಡಿಮೆ. ಕಾಗದದಲ್ಲಿ ಜಾಗ ಮುಗಿಯಿತು. ನಿನಗೂ ಒಂದು ಪ್ಲೇಟು ಕೊಂಡಿದ್ದೇನೆ, ಗೋಡೆಗೆ ಹಾಕು. ಸ್ಕೂಟಿಗೆ ಹಾಕಿಕೊಂಡು ಗದಗಿನಲ್ಲಿ ಸಿಕ್ಕಿಬಿದ್ದರೆ ನಾನು ಬಿಡಿಸುವುದಿಲ್ಲ.

ನಿನ್ನ ಅಣ್ಣ,
ಗುರುಪಾದಪ್ಪ