ಹತ್ತೊಂಬತ್ತು ದುರುಗಮ್ಮರು, ಒಂದು ಬೂತು

೧೯ ನವೆಂಬರ್ ೧೯೭೯, ಸೋಮವಾರ. ದೇವದುರ್ಗ

ಇವತ್ತೂ ಅದೇ. ಬೆಳಿಗ್ಗೆ ಹತ್ತರಿಂದ ಧೂಳು. ತಹಸೀಲ್ ಕಚೇರಿಯ ಹಿಂದಿನ ರೂಮಿನಲ್ಲಿ ಕೂತು ಹಳೆಯ ಎಲೆಕ್ಷನ್ ಕಾಗದ ಬಿಚ್ಚುವುದು, ಸೀನುವುದು, ಬರೆಯುವುದು. ರಾಯಚೂರಿನಿಂದ ಹುಕುಂ ಬಂದಿದೆ. ಲೋಕಸಭಾ ಕ್ಷೇತ್ರದಲ್ಲಿ ನಮ್ಮ ತಾಲೂಕಿನ ಯಾವ ಬೂತಿನಲ್ಲಿ ಯಾವ ವರ್ಷ ಎಷ್ಟು ಗಂಡಸರು, ಎಷ್ಟು ಹೆಂಗಸರು ಓಟು ಹಾಕಿದರು... ಎಲ್ಲ ಒಂದೇ ತಖ್ತೆಯಲ್ಲಿ ಬೇಕಂತೆ. ಜನವರಿಯಲ್ಲಿ ಮತ್ತೆ ಎಲೆಕ್ಷನ್. ಉಳಿದ ಗುಮಾಸ್ತರು ಕೆಲಸ ನನ್ನ ತಲೆಗೆ ಕಟ್ಟಿ ಚಹಾಕ್ಕೆ ಹೋದರು. "ಮೌನಪ್ಪಗ ಅಂಕಿ ಅಂದ್ರ ಹೋಳಿಗಿ" ಅಂತ ನಗುತ್ತಾರೆ. ನಗಲಿ. ಸುಳ್ಳೇನಲ್ಲ.

೫೨ರ ಕಾಗದವೆಲ್ಲ ಉರ್ದು. ಓದುವವರು ಲಾಲ್ ಸಾಬರೊಬ್ಬರೇ. ನಿಜಾಮರ ಕಾಲದ ಜವಾನ, ರಿಟೈರ್ ಆಗಿ ಐದು ವರ್ಷವಾದರೂ ಕಚೇರಿ ಬಿಟ್ಟಿಲ್ಲ. ಒಂದು ಹಾಳೆ ಓದಿದರೆ ಎರಡು ಕಥೆ. ಆಗ ಒಬ್ಬೊಬ್ಬ ಉಮೇದುವಾರನಿಗೆ ಒಂದೊಂದು ಪೆಟ್ಟಿಗೆಯಂತೆ. "ಒಬ್ಬಾಕಿ ಪೆಟ್ಟಿಗಿಗೆ ಕುಂಕುಮ ಹಚ್ಚಿ, ಕಾಯಿ ಒಡದು, ಓಟು ಹಾಕದ ಹೋದ್ಲು ನೋಡ್ರಿ" ಅಂದರು. ಕಾಯಿ ಏನಾಯಿತು ಅಂತ ಕೇಳಿದೆ. "ನಾ ತಿಂದೆ" ಅಂದರು.

೨೪ ನವೆಂಬರ್, ಶನಿವಾರ

ತಖ್ತೆ ಮುಗಿಯುತ್ತ ಬಂತು. ಊರಿಗೊಂದು ಗುಣ ಇದೆ, ಅಂಕಿಯಲ್ಲಿ ಮುಖ ಕಾಣುತ್ತದೆ. ಹೊಳೆಸಾಲಿನವರು ಊಟ ಮುಗಿಸಿಯೇ ಬರುವವರು. ಗುಡ್ಡದ ಕಡೆಯವರು ಬೆಳಿಗ್ಗೆ ಎಂಟಕ್ಕೇ ಸಾಲು. ಒಂದು ಊರಲ್ಲಿ ಪ್ರತಿ ಸಲ ನೂರಕ್ಕೆ ತೊಂಬತ್ತು. ಸತ್ತವರೂ ಬರುತ್ತಾರೇನೋ.

ಆದರೆ ಬೂತ್ ೬೧. ಬಸರಗಟ್ಟಿ, ಹೆಂಗಸರ ಬೂತು. ಪಟ್ಟಿಯಲ್ಲಿ ನಾನ್ನೂರ ಹನ್ನೆರಡು ಹೆಸರು. ಬಿದ್ದ ಓಟು — ೫೭ರಲ್ಲಿ ಆರು, ೬೨ರಲ್ಲಿ ಒಂಬತ್ತು, ೬೭ರಲ್ಲಿ ಹದಿನಾಲ್ಕು, ೭೧ರಲ್ಲಿ ಹನ್ನೊಂದು, ೭೭ರಲ್ಲಿ ಎಂಟು. ಅದೇ ಊರಿನ ಗಂಡಸರು ನೂರಕ್ಕೆ ಎಪ್ಪತ್ತು. ಎರಡು ಸಲ ಕೂಡಿಸಿದೆ. ತಪ್ಪಿಲ್ಲ.

೧ ಡಿಸೆಂಬರ್, ಶನಿವಾರ. ರಾಯಚೂರು

ತಖ್ತೆ ಹೊತ್ತು ಸಾಹೇಬರ ಜೊತೆ ಡಿ.ಸಿ. ಆಫೀಸಿಗೆ. ಸಾಹೇಬರು ಅಂದರೆ ನಮ್ಮ ತಹಸೀಲ್ದಾರರು, ಒಳ್ಳೆಯವರು, ಅವಸರದವರು. ಮೀಟಿಂಗಿನಲ್ಲಿ ಎಲ್ಲರ ಬೆರಳೂ ೬೧ರ ಮೇಲೆ. ಎಂಟು ಓಟಿಗೆ ಒಂದು ಪೆಟ್ಟಿಗೆ, ಐದು ಮಂದಿ ಸಿಬ್ಬಂದಿ, ಒಂದು ಲಾರಿ... ಯಾಕೆ ಬೇಕು ಅಂತ. ಹೊರಗೆ ಬಂದು ಸಾಹೇಬರು ಅಂದರು, "ಈ ಸಲ ಇನ್ನೂರು ಬೀಳಲಿ ಮೌನಪ್ಪ, ಬೂತು ಇರ್ತದ. ಬೀಳದಿದ್ರ ಹಳ್ಳದಾಚಿ ಊರಿಗೆ ಸೇರಸೂದ."

ಹಳ್ಳದಾಚೆ ಅಂದರೆ ಮೂರು ಮೈಲಿ. ಹತ್ತಿರ ಇದ್ದಾಗಲೇ ಬಾರದವರು ಅಲ್ಲಿಗೆ ಹೋಗುತ್ತಾರೆಯೇ? ಬಸ್ಸಿನಲ್ಲಿ ಇಡೀ ದಾರಿ ಸಿಟ್ಟು. ಯಾರ ಮೇಲೆ ಅಂತ ಗೊತ್ತಿಲ್ಲ. ನಮ್ಮವ್ವ ಒಂದೂ ಓಟು ಹಾಕದೆ ಸತ್ತಳು. ಯಾಕವ್ವ ಅಂತ ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ. ಅದು ಇವತ್ತು ಚುಚ್ಚಿತು.

೯ ಡಿಸೆಂಬರ್, ಭಾನುವಾರ

ಸೈಕಲ್ಲಿನಲ್ಲಿ ಬಸರಗಟ್ಟಿಗೆ ಹೋಗಿಬಂದೆ. ತೊಡೆ ನೋಯುತ್ತಿದೆ. ಚಾವಡಿ ಕಟ್ಟೆಯ ಗಂಡಸರನ್ನು ಕೇಳಿದರೆ, "ಹೆಂಗಸರಿಗೇನು ತಿಳೀತದ್ರಿ" ಅಂತ ಒಂದೇ ರಾಗ. ಅವರನ್ನು ಬಿಟ್ಟು ಹತ್ತಿ ಬಿಡಿಸುವ ಹೊಲಕ್ಕೆ ನಡೆದೆ. ಅಲ್ಲಿ ಬಂಡೆಮ್ಮ ಸಿಕ್ಕಳು. ಎಪ್ಪತ್ತರ ಮುದುಕಿ, ಬಾಯಿ ಮಾತ್ರ ಇಪ್ಪತ್ತರದು. ಊರಿನ ಮದುವೆ ಹಾಡೆಲ್ಲ ಅವಳದೇ ಅಂತೆ. ಒಂದು ಓಟೂ ಹಾಕಿಲ್ಲ.

"ಓಟು ಬ್ಯಾಡಂತಲ್ಲಪ್ಪ. ಅಲ್ಲಿ ಗಂಡನ ಹೆಸರ ಕೇಳ್ತಾರ. ಹೆಂಗ ಹೇಳೂದು?"

ನನಗೆ ಹೊಳೆದಿರಲೇ ಇಲ್ಲ. ಗಂಡನ ಹೆಸರು ಬಾಯಿಬಿಟ್ಟು ಹೇಳಬಾರದು. ಹೇಳಿದರೆ ಅವನ ಆಯುಷ್ಯ ಕಡಿಮೆ. ಮಾನಮ್ಮ ಮದುವೆಯಾಗಿ ಬಂದು ಎಂಟು ತಿಂಗಳಾಯಿತು, ನನ್ನನ್ನು "ರೀ" ಅನ್ನುವುದು ಬಿಟ್ಟು ಬೇರೆ ಕರೆದಿಲ್ಲ. ಬೇರೆ ಊರಲ್ಲಾದರೆ ಹೆಂಗಸಿನ ಹೆಸರೊಂದೇ ಸಾಕು. ಇಲ್ಲಿ ಊರದೇವಿ ದುರುಗಮ್ಮ, ಮನೆಮನೆಗೂ ಅದೇ ಹೆಸರು. ಪಟ್ಟಿ ತೆಗೆದು ಎಣಿಸಿದೆ. ಹತ್ತೊಂಬತ್ತು ದುರುಗಮ್ಮರು, ಹನ್ನೊಂದು ಬಾಲಮ್ಮರು, ಏಳು ಬಂಡೆಮ್ಮರು. ಯಾರು ಯಾರೆಂದು ತಿಳಿಯಲು ಗಂಡನ ಹೆಸರೇ ಗತಿ. ಓಟಿನ ಚೀಟಿ ಕೊಟ್ಟರೆ ಒಬ್ಬಳ ಚೀಟಿ ಇನ್ನೊಬ್ಬಳ ಉಡಿಯಲ್ಲಿ. ಪಾರ್ಟಿ ಏಜೆಂಟರನ್ನು ಕೇಳಿದರೆ ಒಬ್ಬ ಹೌದೆನ್ನುತ್ತಾನೆ, ಇನ್ನೊಬ್ಬ ಅಲ್ಲ ಅನ್ನುತ್ತಾನೆ.

೭೭ರ ಕಥೆ ಬಂಡೆಮ್ಮನ ಬಾಯಲ್ಲಿಯೇ ಕೇಳಬೇಕು. "ಒಬ್ಬ ದುರುಗಮ್ಮ ಹೋದ್ಲು. ಗಂಡನ ಹೆಸರೇನು ಅಂದ್ರು. ಬಾಯಿ ಬಿಡಲಿಲ್ಲ. ಪಟ್ಟಿ ಹಿಡದಾತ ತನಗ ತಿಳಿದ ದುರುಗಮ್ಮನ ಹೆಸರಿಗೆ ಗೀಟು ಎಳದ. ತಾಸು ಬಿಟ್ಟು ಆಕಿ ವಾರಗಿತ್ತಿ ದುರುಗಮ್ಮ ಹೋದ್ರ, ನಿನ್ನ ಓಟು ಆಗ್ಯಾದ ಅಂದ್ರು. ಮನಿಗಿ ಬಂದು ಮೊದಲನೇಕಿ ಕೂದಲಿಗೆ ಕೈ ಹಾಕಿದ್ಲು, ‘ನನ್ನ ಗಂಡಗ ಹೆಂಡತಿ ಅಂತ ಬರಸಿ ಬಂದೇನ ಬೇ’ ಅಂತ. ಇನ್ನೂ ಇಬ್ಬರೂ ಮಾತಾಡೂದಿಲ್ಲ. ಆವತ್ತಿಂದ ಯಾರೂ ಆ ಕಡಿ ಹಾಯ್ದಿಲ್ಲ."

ನಕ್ಕು ನಕ್ಕು ಹತ್ತಿ ಚೀಲದ ಮೇಲೆ ಕೂತೆ. ಬರುವಾಗ ದಾರಿಯಲ್ಲಿ ನಗು ಹೋಯಿತು. ಇಪ್ಪತ್ತು ವರ್ಷ, ನಾನ್ನೂರು ಹೆಂಗಸರು — ಒಂದು ಪ್ರಶ್ನೆಗೆ.

೧೦ ಡಿಸೆಂಬರ್, ಸೋಮವಾರ. ಬೆಳಿಗ್ಗೆ

ರೊಟ್ಟಿ ಬಡಿಯುತ್ತಿದ್ದ ಮಾನಮ್ಮನಿಗೆ ಎಲ್ಲ ಹೇಳಿದೆ. ತಿರುಗಿಯೂ ನೋಡಲಿಲ್ಲ. "ಇಷ್ಟಕ್ಕ ತಲಿ ಕೆಡಿಸ್ಕೊಂಡೀರೇನು? ಸುಮ್ಮಕ ಕೇಳಿದ್ರ ಹೇಳಬಾರದು. ಒಡಪಿನಾಗ ಹೇಳಬಹುದಲ್ಲ."

ಹೌದಲ್ಲ. ಮದುವೆಯಲ್ಲಿ, ಸೀಮಂತದಲ್ಲಿ ಬಾಗಿಲು ಅಡ್ಡಗಟ್ಟಿ ಕೇಳಿದರೆ ಎರಡು ಸಾಲು ಪದ ಕಟ್ಟಿ ಅದರೊಳಗೆ ಗಂಡನ ಹೆಸರು ಸೇರಿಸುತ್ತಾರೆ. ಅದಕ್ಕೆ ದೋಷವಿಲ್ಲ. ಹಾಗಾದರೆ ನೀನೊಂದು ಹೇಳು ಅಂದೆ. ಹಿಟ್ಟಿನ ಕೈಯಲ್ಲೇ ಹೇಳಿದಳು:

"ಜ್ವಾಳದ ರೊಟ್ಟಿ ಮ್ಯಾಲ ಶೇಂಗಾದ ಎಣ್ಣಿ,
ಮೌನಪ್ಪನೋರಿಗೆ ರಿಜಿಸ್ಟರೇ ಬೆಣ್ಣಿ."

ಕಚೇರಿಗೆ ಅರ್ಧ ಗಂಟೆ ತಡ. ಸಂತೋಷಕ್ಕೆ ಕಾರಣ ಬರೆಯುವ ಅಗತ್ಯವಿಲ್ಲ.

ಸಂಜೆ

ಸಾಹೇಬರಿಗೆ ಹೇಳಿದೆ. ಕಾನೂನಿನ ಪುಸ್ತಕ ತಿರುವಿದರು. "ಕಾನೂನಿನಾಗ ಮತದಾರ ಯಾರಂತ ಖಾತ್ರಿ ಆಗಬೇಕು ಅಂತದ. ಹಾಡಬಾರದು ಅಂತಿಲ್ಲ" ಅಂದರು. ೬೧ಕ್ಕೆ ಪ್ರಿಸೈಡಿಂಗ್ ಆಫೀಸರ್ ಆಗಿ ನನ್ನನ್ನೇ ಹಾಕಿ ಅಂತ ಕೇಳಿಕೊಂಡೆ. ಹಾಕಿದರು. ಇನ್ನು ಇನ್ನೂರು ಬೀಳದಿದ್ದರೆ ಬೈಗುಳ ನನ್ನ ತಲೆಯ ಮೇಲೆಯೇ.

೨೮ ಡಿಸೆಂಬರ್, ಶುಕ್ರವಾರ. ಮಾನ್ವಿ

ಹದಿನೆಂಟು ದಿನ ಇದರಲ್ಲಿ ಒಂದಕ್ಷರ ಬರೆದಿಲ್ಲ. ನಾಲ್ಕು ಸಲ ಬಸರಗಟ್ಟಿ. ಬಂಡೆಮ್ಮ ಮನೆ ಮನೆಗೆ ಹೋಗಿ ಒಡಪು ಕಲಿಸುತ್ತಿದ್ದಾಳೆ. ಬಾರದವರಿಗೆ ತಾನೇ ಕಟ್ಟಿಕೊಡುತ್ತಾಳೆ.

ಇವತ್ತು ಟ್ರೇನಿಂಗ್. ನನ್ನ ಬೂತಿಗೆ ಪಟ್ಟಿ ಹಿಡಿದು ಕೂರುವವರು ಹೀರಾಬಿ ಟೀಚರು, ಇಲ್ಲೇ ಮಾನ್ವಿ ಶಾಲೆಯವರು. ಸಂಗತಿ ಹೇಳಿದೆ. ಗಂಭೀರವಾಗಿ ಕೇಳಿ, "ನಮ್ಮ ಮನಿಯವರ ಹೆಸರು ನಾನೂ ಹೇಳೂದಿಲ್ಲ ಸರ್. ಸಾಲಿ ರಿಜಿಸ್ಟರಿನಾಗ ಬರೀತೀನಿ ಅಷ್ಟ" ಅಂದರು. ಸರಿಯಾದವರೇ ಸಿಕ್ಕರು.

೫ ಜನವರಿ ೧೯೮೦, ಶನಿವಾರ. ಬಸರಗಟ್ಟಿ ಶಾಲೆ

ಲಾರಿ ಇಳಿಸಿ ಹೋಯಿತು. ಪೆಟ್ಟಿಗೆ, ಮಸಿ, ಅರಗು, ದಾರ, ಎಲ್ಲ ಇದೆ. ಮಸಿ ಮೂರು ಸಲ ನೋಡಿದೆ. ಇನ್ನೂರು, ಇನ್ನೂರು.

೬ ಜನವರಿ, ಭಾನುವಾರ. ಬೆಳಿಗ್ಗೆ ೮-೪೦

ಒಬ್ಬರೂ ಇಲ್ಲ. ಗಂಡಸರ ಬೂತಿನ ಮುಂದೆ ಜಾತ್ರೆ. ನಮ್ಮ ಏಜೆಂಟರು ಇಬ್ಬರೂ ಆಕಳಿಸುತ್ತಿದ್ದಾರೆ.

೯-೩೦

ಬಂದರು. ಮೊದಲ ದುರುಗಮ್ಮ ಸೆರಗು ಹಲ್ಲಲ್ಲಿ ಕಚ್ಚಿ ನಿಂತಳು. ಹೀರಾಬಿ ಟೀಚರು ಗಂಡನ ಹೆಸರು ಕೇಳಲಿಲ್ಲ. "ಒಡಪು ಹೇಳ್ರಿ" ಅಂದರು.

"ಹತ್ತಿ ಹೊಲದಾಗ ಹನ್ನೆರಡು ಸಾಲು,
ಸಿದ್ದರಾಮಪ್ಪನೋರು ಬಿಡೂದಿಲ್ಲ ಎಮ್ಮಿ ಹಾಲು."

ಟೀಚರು ಗೆರೆ ಎಳೆದರು. ಹೊರಗಿನ ಸಾಲಿನಲ್ಲಿ ನಗು ಎದ್ದಿತು. ನನ್ನ ಕಣ್ಣು ಯಾಕೋ ಮಂಜಾಯಿತು, ಮಸಿಬುಡ್ಡಿ ಸರಿಪಡಿಸಿದೆ.

೧೧-೧೫

ಗದ್ದಲ. ಒಬ್ಬ ಬಾಲಮ್ಮ, "ಕೈ ತುಂಬ ಹಸಿರ ಬಳಿ, ಕೊರಳಾಗ ಕರಿಮಣಿ, ಗದ್ದೆಪ್ಪನೋರು ಬಂದ್ರ ಬೆಳಗತದ ಮನಿ" ಅಂದಳು. ಒಬ್ಬ ಏಜೆಂಟ ಎದ್ದು ನಿಂತ. ಕೈ ಅಂದರೆ ಚುನಾವಣಾ ಚಿಹ್ನೆ, ಬೂತಿನೊಳಗೆ ಪ್ರಚಾರ ನಡೆಯುತ್ತಿದೆ ಅಂತ. ಅವನನ್ನು ಕೂರಿಸುವಷ್ಟರಲ್ಲಿ ಮುಂದಿನವಳು "ನೇಗಿಲ ಹೂಡಿ" ಅಂತ ಶುರು ಮಾಡಿದಳು. ಈಗ ಇನ್ನೊಬ್ಬ ಏಜೆಂಟ ಎದ್ದ. ಅವನದು ನೇಗಿಲು ಹೊತ್ತ ರೈತನ ಚಿಹ್ನೆಗೆ ಎದುರು ಪಾರ್ಟಿ.

ಪ್ರಿಸೈಡಿಂಗ್ ಆಫೀಸರ್ ಆಗಿ ತೀರ್ಪು ಕೊಟ್ಟೆ. ಇನ್ನು ಮುಂದೆ ಒಡಪಿನಲ್ಲಿ ಕೈ ಇಲ್ಲ, ನೇಗಿಲಿಲ್ಲ, ಯಾವ ಚಿಹ್ನೆಯೂ ಇಲ್ಲ. ಹೊರಗೆ ಸುದ್ದಿ ಹೋಯಿತು. ಸಾಲಿನಲ್ಲಿ ನಿಂತೇ ತಿದ್ದಿಕೊಂಡರು. "ಕೈ ತುಂಬ" ಹೋಗಿ "ಬುಟ್ಟಿ ತುಂಬ" ಆಯಿತು. ಏಜೆಂಟರೂ ಈಗ ಮುಂದಿನದು ಏನು ಬರುತ್ತದೋ ಅಂತ ಕಿವಿಗೊಟ್ಟು ಕೂತಿದ್ದಾರೆ.

ಮಧ್ಯಾಹ್ನ ೧-೩೦

ನೂರಾ ನಲವತ್ತೊಂದು. ಜಗಳವಾಡಿದ ವಾರಗಿತ್ತಿ ದುರುಗಮ್ಮರು ಒಬ್ಬರ ಹಿಂದೆ ಒಬ್ಬರು ಬಂದರು. ಇಬ್ಬರೂ ತಮ್ಮ ತಮ್ಮ ಗಂಡನನ್ನು ಜೋರಾಗಿ, ಇನ್ನೊಬ್ಬಳಿಗೆ ಕೇಳುವಂತೆ ಹೇಳಿದರು. ಹೋಗುವಾಗ ಎಲೆ ಅಡಿಕೆ ಹಂಚಿಕೊಂಡರು. ಕುಣಿಯಬೇಕು ಅನಿಸಿತು. ಪ್ರಿಸೈಡಿಂಗ್ ಆಫೀಸರ್ ಕುಣಿಯುವಂತಿಲ್ಲ.

೩-೪೦

ನೂರಾ ಎಂಬತ್ತೇಳು. ಸಾಲು ಮುಗಿದಿದೆ. ಇಪ್ಪತ್ತು ನಿಮಿಷದಿಂದ ಒಬ್ಬರೂ ಇಲ್ಲ. ಉಳಿದವರು ದೂರದ ಹತ್ತಿ ಹೊಲಗಳಿಗೆ ಹೋಗಿದ್ದಾರಂತೆ. ಕತ್ತಲಾಗದೆ ಬರುವುದಿಲ್ಲ. ಐದಕ್ಕೆ ಬಾಗಿಲು ಹಾಕಬೇಕು.

ಹೊರಗೆ ಹೋಗಿ ನೋಡಿದೆ. ಶಾಲೆಯ ಗೋಡೆಗೆ ಒರಗಿ ಮೂವತ್ತು ನಲವತ್ತು ಹೆಂಗಸರು ಬೆಳಿಗ್ಗೆಯಿಂದ ಕೂತಿದ್ದಾರೆ. ಹಾಡು ಕೇಳಲು ಬಂದವರು ಅಂದುಕೊಂಡಿದ್ದೆ. ನಡುವೆ ಬಂಡೆಮ್ಮ.

"ಯವ್ವಾ, ನೀವು ಯಾಕ ಬರವಲ್ಲಿರಿ?"

"ನಮಗ ಒಡಪು ಎಲ್ಲಿದಪ್ಪ? ಅದು ಮುತ್ತೈದೆರ ಮಾತು. ನಾವು ಗಂಡನ್ನ ಕಳಕೊಂಡವರು."

ಥೂ ನನ್ನ ಬುದ್ಧಿಗೆ. ಊರಿಗೆಲ್ಲ ಒಡಪು ಕಟ್ಟಿಕೊಟ್ಟವಳಿಗೆ ಒಡಪಿಲ್ಲ. ನಾಲ್ಕು ಸಲ ಬಂದೆ, ಅಷ್ಟು ಅಂಕಿ ಬರೆದೆ, ಇದೊಂದು ಕಾಣಲಿಲ್ಲ. ಅವಳಿಗೂ ಹೇಳಲು ಮನಸ್ಸಾಗಲಿಲ್ಲವೇನೋ. ಎದುರಿಗೆ ಕುಕ್ಕರಗಾಲಲ್ಲಿ ಕೂತೆ. "ಬೂತು ಹೋಗ್ತದ ಯವ್ವಾ" ಅಂದೆ.

೪-೦೫

ಬಂಡೆಮ್ಮ ಎದ್ದಳು. ಒಳಗೆ ಹೋಗಬೇಕು, ಇನ್ನು ಬರೆಯಲಾರೆ.

೮ ಜನವರಿ, ಮಂಗಳವಾರ. ದೇವದುರ್ಗ

ನಿನ್ನೆಯೆಲ್ಲ ನಿದ್ದೆ.

ಇನ್ನೂರಾ ಇಪ್ಪತ್ತೈದು. ಬೂತ್ ೬೧ ಉಳಿಯಿತು. ಸಾಹೇಬರು ಅಂಕಿ ನೋಡಿ ಮೊದಲು ಬೈದರು, ಎಂಟರಿಂದ ಇನ್ನೂರಾ ಇಪ್ಪತ್ತೈದು ಯಾವ ಲೆಕ್ಕ ಅಂತ. ಆಮೇಲೆ ಬೆನ್ನು ತಟ್ಟಿದರು. ಲಾಲ್ ಸಾಬರು ಇಡೀ ಕಚೇರಿಗೆ ಜಿಲೇಬಿ ತಂದರು. ಮಾನಮ್ಮ ಹೋಳಿಗೆ ಮಾಡುತ್ತಿದ್ದಾಳೆ. ಇಷ್ಟು ಖುಷಿ ನನಗೆ ನೌಕರಿ ಸಿಕ್ಕಾಗಲೂ ಆಗಿರಲಿಲ್ಲ.

ಈಗ ತಖ್ತೆಯ ಕೊನೆಯ ಕಾಲಂ ತುಂಬಬೇಕು. "ಹೆಚ್ಚಳಕ್ಕೆ ಕಾರಣ". ಎರಡು ಬೆರಳಗಲ ಜಾಗ. ಅದರಲ್ಲಿ ಬಂಡೆಮ್ಮ ಹಿಡಿಸುವುದಿಲ್ಲ. ಇಲ್ಲಿ ಬರೆಯುತ್ತೇನೆ.

ಒಳಗೆ ಬಂದು ಮೇಜಿನ ಮುಂದೆ ನಿಂತಳು. ಹೀರಾಬಿ ಟೀಚರು ತಲೆ ತಗ್ಗಿಸಿದರು, ಏನು ಕೇಳಬೇಕೆಂದು ಅವರಿಗೂ ತೋಚಲಿಲ್ಲ. ಬಾಗಿಲ ತುಂಬ ಗೋಡೆ ಪಕ್ಕದ ಹೆಂಗಸರು. ಮುದುಕಿ ಮೇಜಿನ ಅಂಚು ಹಿಡಿದಳು.

"ಅಂವ ಹೋಗಿ ಮೂವತ್ತೊಂದು ವರ್ಷ ಆತು" ಅಂದಳು. "ಇನ್ನ ಅವನ ಆಯುಷ್ಯ ಏನು ಕಮ್ಮಿ ಆದೀತು? ಬರಕೋರಿ. ಯಮನೂರಪ್ಪ."

ಹಾಡಿಲ್ಲ, ಪದವಿಲ್ಲ. ಬರೀ ಹೆಸರು. ಟೀಚರು ಗೆರೆ ಎಳೆದರು. ಅವಳ ಹಿಂದೆ ಬಾಗಿಲಲ್ಲಿದ್ದವರು ಒಬ್ಬೊಬ್ಬರಾಗಿ ಬಂದರು, ಒಬ್ಬೊಬ್ಬರೂ ಒಂದೊಂದು ಹೆಸರು ಹೇಳಿದರು. ಕೆಲವರು ಪಿಸುಮಾತಿನಲ್ಲಿ, ಒಬ್ಬಳು ಅಳುತ್ತ, ಒಬ್ಬಳು ನಗುತ್ತ. ಮೂವತ್ತೆಂಟು ಹೆಸರು.

ಬಂಡೆಮ್ಮ ಮನೆಗೆ ಹೋಗಿರಲಿಲ್ಲ. ಬಾಗಿಲು ಹಾಕಿ ಹೊರಗೆ ಬಂದಾಗ ಮೆಟ್ಟಿಲ ಮೇಲೆ ಕೂತು ಬೆರಳಿನ ಮಸಿ ನೋಡುತ್ತಿದ್ದಳು. ಯಾರೂ ಕೇಳದಿದ್ದರೂ ಇನ್ನೊಮ್ಮೆ ಹೇಳಿದಳು. "ಯಮನೂರಪ್ಪ." ಆಮೇಲೆ ನನ್ನ ಕಡೆ ತಿರುಗಿ ನಕ್ಕಳು.

"ಇಷ್ಟ ಸಣ್ಣದಿತ್ತೇನಪ್ಪ ಆ ಹೆಸರು?"