ಬೆನೆದಿತಾ ಮಲಗಿದಳು

ಜೂನ್ 6, ಶುಕ್ರವಾರ

ಹಾಲು ಕುಡಿಸಿದ್ದಾಯಿತು, ತೇಗಿಸಿದ್ದಾಯಿತು, ಹೆಗಲಿಗೆ ಹಾಕಿಕೊಂಡು ಅಡ್ಡಾಡಿದ್ದಾಯಿತು. ಬೆನೆದಿತಾ ಇನ್ನೂ ಅಳುತ್ತಿದ್ದಾಳೆ. ಮೂರು ತಿಂಗಳ ಕೂಸಿಗೆ ಇಷ್ಟು ಗಂಟಲು ಎಲ್ಲಿಂದ! ಪೋರ್ಟೊದಲ್ಲಿ ಅಮ್ಮ ಇದ್ದಾಳೆ, ನಿನಗೆ ವಿಶ್ರಾಂತಿ ಅಂದಿದ್ದ ಗಂಡ ತೆಲ್ಮೊ. ಅವನಮ್ಮನದು ನಾಲ್ಕನೇ ಮಹಡಿ, ಲಿಫ್ಟ್ ಇಲ್ಲ. ತಳ್ಳುಗಾಡಿ ಕೆಳಗೇ ಬಿದ್ದಿದೆ. ನದಿ ಕಡೆಯಿಂದ ಬರುವ ಪ್ರವಾಸಿಗಳು ನಮ್ಮ ಗೋಡೆಯ ನೀಲಿ ಟೈಲ್ಸಿನ ಫೋಟೋ ತೆಗೆಯುತ್ತಾರೆ. ಕಿಟಕಿಯಲ್ಲಿ ತಲೆ ಬಾಚದ ನಾನೂ ಬಂದಿರುತ್ತೇನೆ...

ಅತ್ತೆ ಡೆಲ್ಫಿನಾ ಅಡುಗೆಮನೆಯಿಂದಲೇ: "ನಿಮ್ಮ ಲಿಸ್ಬನ್ನಿನವರ ಹಾಗೆ ಬರೀ ಸೊಪ್ಪು ತಿಂದ್ರೆ ಹಾಲಲ್ಲಿ ಏನಿರುತ್ತೆ ಹೇಳು? ನಮ್ಮೂರ ಬೋಟಿ ತಿನ್ನು, ಮಗು ಮಲಗುತ್ತೆ."

ಎರಡು ತಟ್ಟೆ ತಿಂದೆ. ಮಲಗಲಿಲ್ಲ.

ಜೂನ್ 7

ಮಲಗಿದಳು! ಮಧ್ಯಾಹ್ನವೆಲ್ಲ. ನಾನೂ. ಎದ್ದಾಗ ಹಾಲು ಸೋರಿ ಅಂಗಿಯೆಲ್ಲ ಒದ್ದೆ. ಅತ್ತೆ ತೊಟ್ಟಿಲ ಪಕ್ಕ ಉಣ್ಣೆ ಹೆಣೆಯುತ್ತಿದ್ದರು. ಅಪ್ಪಿಕೊಂಡು ಅತ್ತುಬಿಟ್ಟೆ.

ಜೂನ್ 9

ಮುತ್ತಿಡಲು ಬಗ್ಗಿದೆ. ಮಗುವಿನ ಬಾಯಲ್ಲಿ ವೈನ್ ವಾಸನೆ.

ಅಡುಗೆಮನೆಯಲ್ಲಿ ಬಟ್ಟಲು. ಸಕ್ಕರೆ ಕದಡಿದ ಪೋರ್ಟ್ ವೈನ್. ಅದರಲ್ಲಿ ಅವಳು ಚೀಪುವ ರಬ್ಬರ್ ನಿಪ್ಪಲ್.

"ಅತ್ತೆ, ಇದು ವೈನ್!"

"ಮತ್ತೇನು, ಸೀಮೆಎಣ್ಣೆನಾ? ನಮ್ಮಪ್ಪ ನದಿ ಆಚೆ ವೈನ್ ಉಗ್ರಾಣದಲ್ಲಿ ಪೀಪಾಯಿ ಕಟ್ತಿದ್ದ. ನಾವೆಲ್ಲ ಇದನ್ನೇ ಚೀಪಿ ಬೆಳೆದವರು. ನಿನ್ನ ಗಂಡನೂ ಅಷ್ಟೇ."

"ಅದಕ್ಕೇ ಹಿಂಗಿದಾನೆ."

ಅತ್ತೆ ಬಿದ್ದುಬಿದ್ದು ನಕ್ಕರು. ನಾನು ತಮಾಷೆಗೆ ಅಂದಿರಲಿಲ್ಲ.

ಲಿಸ್ಬನ್ನಿನ ಡಾಕ್ಟರಿಗೆ ಫೋನ್ ಮಾಡಿದೆ. ಒಂದು ಹನಿಯೂ ಕೂಡದು, ಉಸಿರಾಟಕ್ಕೇ ಸಂಚಕಾರ. ಎಚ್ಚರಾಗದಿದ್ದರೆ ತಕ್ಷಣ ಆಸ್ಪತ್ರೆಗೆ ಓಡಿ, ಅಂದರು. — ಮಗುವಿನ ಅಂಗಾಲು ಗಿಲ್ಲಿದೆ. ಗಿಲ್ಲಿದೆ. ಅತ್ತಳು. ದೇವರೇ, ಆ ಅಳು!

ಬಟ್ಟಲಿನ ವೈನ್ ಸಿಂಕಿಗೆ ಸುರಿದೆ. ತೆಲ್ಮೊಗೆ ಹೇಳಿದೆ, ಇವತ್ತೇ ಹೊರಡೋಣ ಅಂದೆ. "ಅಮ್ಮಂಗೆ ಬೇಜಾರ್ ಮಾಡ್ಬೇಡ ಕಣೇ. ಭಾನುವಾರ ಚರ್ಚಲ್ಲಿ ಮಗು ಜ್ಞಾನಸ್ನಾನ ಮುಗೀಲಿ."

ಜೂನ್ 12

ಬರೆಯಲು ಕೈ ಬಿಡುವಿಲ್ಲ. ಅಳು, ಅಳು. ಅತ್ತೆ ಮುಟ್ಟುವುದಿಲ್ಲ. "ಓದಿದವಳು ನೀನು, ನೋಡ್ಕೋ ತಾಯಿ." ತೆಲ್ಮೊ ಹಳೇ ಗೆಳೆಯರ ಜೊತೆ ಸೇತುವೆ ಕಡೆ ಹೋಗಿದ್ದಾನೆ.

ಬೆಳಗ್ಗೆ ಮೆಟ್ಟಿಲ ಮೇಲೆ ನಿಂತಲ್ಲೇ ತೂಕಡಿಸಿದೆ. ಮಗು ಕೈಜಾರಿತು. ಕೆಳಮನೆಯಾಕೆ ಹಿಡಿದುಕೊಂಡಳು. ಯಾರಿಗೂ ಹೇಳಿಲ್ಲ.

ಜೂನ್ 13, ಮಧ್ಯಾಹ್ನ

ಅತ್ತೆ ಬಾಗಿಲಲ್ಲಿ ನಿಂತರು. "ಕೊಡಿಲ್ಲಿ. ನಿನ್ನ ಮುಖ ನೋಡ್ಕೊಂಡಿದೀಯಾ?"

"ವೈನ್ ಕೊಡಲ್ಲ ಅಂತ ಆಣೆ ಮಾಡಿ ಅತ್ತೆ."

"ನಿಂಗೆ ನಿದ್ದೆ ಬೇಕೋ, ಆಣೆ ಬೇಕೋ?"

ಕೊಟ್ಟೆ.

ಮಲಗಿಕೊಂಡೇ ಬರೆಯುತ್ತಿದ್ದೇನೆ. ಗೋಡೆಯಾಚೆ ಅಳು. ಅತ್ತೆ ಏನೋ ಗುನುಗುತ್ತಿದ್ದಾರೆ. ಕಪಾಟು ತೆರೆದ ಸದ್ದು... ಏಳಬೇಕು. ಕೂಗಬೇಕು. ಕಾಲು ನನ್ನವಲ್ಲ ಅನಿಸುತ್ತಿದೆ —

ಅಳು ನಿಂತಿತು.

ಎಷ್ಟು ನಿಶ್ಶಬ್ದ. ಏಳುತ್ತೇನೆ, ಈಗಲೇ ಏಳುತ್ತೇನೆ. ಒಂದೇ ಒಂದು ಗಳಿಗೆ ಕಣ್ಣು